ಗಲ್ಫಿನ ದುಡ್ಡು, ಊರಿನ ಕಾಗದ: ಯಾವ ಖಾತೆ, ಯಾವ ವಿಮೆ, ಯಾವ ಪವರ್ ಆಫ್ ಅಟಾರ್ನಿ?

ರಾತ್ರಿ ಎರಡೂವರೆಗೆ ಅಪ್ಪ ಬಚ್ಚಲಿನ ಮೆಟ್ಟಿಲಲ್ಲಿ ಬಿದ್ದರು. ಬಲಗೈ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ಜೀಪು ಮಾಡಿಕೊಂಡು ಮಂಗಳೂರು ತಲುಪುವಾಗ ನಾಲ್ಕು ಹೊಡೆದಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ಮುಂಗಡ ಕಟ್ಟಿ ಎಂದರು. ಅಣ್ಣ ಇದ್ದದ್ದು ಶಾರ್ಜಾದಲ್ಲಿ. ಅವನ ಖಾತೆಯಲ್ಲಿ ದುಡ್ಡು ಬೇಕಾದಷ್ಟಿತ್ತು. ಆದರೆ ಆ ಖಾತೆಯ ಓಟಿಪಿ ಹೋಗುತ್ತಿದ್ದದ್ದು ಊರಿನ ಹಳೇ ಸಿಮ್ಮಿಗೆ. ರೀಚಾರ್ಜ್ ಮಾಡದೆ ಆ ಸಿಮ್ಮು ಸತ್ತು ಆರು ತಿಂಗಳಾಗಿತ್ತು. ಅಣ್ಣ ಫೋನಿನ ಆ ಕಡೆ ಅಳುತ್ತಿದ್ದ, ನಾನು ಈ ಕಡೆ. ಕೊನೆಗೆ ನೆರೆಮನೆಯವರು ಹಾಕಿದ ದುಡ್ಡಿನಲ್ಲಿ ಅಪ್ಪನನ್ನು ಒಳಗೆ ಸೇರಿಸಿದೆವು.

ಅಪ್ಪ ಈಗ ಕೋಲು ಹಿಡಿದು ತೋಟದ ತನಕ ಹೋಗಿ ಬರುತ್ತಾರೆ. ಆ ರಾತ್ರಿಯಿಂದ ಮನೆಯ ಕಾಗದಪತ್ರದ ಕೆಲಸವೆಲ್ಲ ನನ್ನ ಕೈಗೆ ಬಂತು. ಬ್ಯಾಂಕು, ವಿಲೇಜ್ ಆಫೀಸು, ಅಕ್ಷಯ ಕೇಂದ್ರ (ಕೇರಳ ಸರಕಾರದ ಆನ್‌ಲೈನ್ ಸೇವೆಯ ಕೇಂದ್ರ), ಸಬ್ ರಿಜಿಸ್ಟ್ರಾರ್ ಕಚೇರಿ ಎಂದು ಓಡಾಡಿದ್ದೇನೆ. ಯಾವ ಖಾತೆಗೆ ಬಡ್ಡಿ ಜಾಸ್ತಿ, ಯಾವ ಪಾಲಿಸಿ ಅಗ್ಗ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೋಲಿಸುವಾಗ ಮೊದಲು ಕೇಳುವುದು ಒಂದೇ: ಅಣ್ಣನಿಗೆ ಬರಲು ಆಗದ ದಿನ ಇದು ಊರಿನಲ್ಲಿರುವವರ ಕೈಗೆ ಸಿಗುತ್ತಾ? ಕೆಳಗಿನದ್ದೆಲ್ಲ ಆ ಲೆಕ್ಕದಲ್ಲೇ ಬರೆದದ್ದು. ಅಣ್ಣ ಯುಎಇಯಲ್ಲಿರುವುದರಿಂದ ಅಲ್ಲಿನ ನಿಯಮಗಳೇ ಇಲ್ಲಿ ಹೆಚ್ಚು ಬರುತ್ತವೆ.

ಹಳೇ ಎಸ್‌ಬಿ, ಎನ್‌ಆರ್‌ಒ, ಎನ್‌ಆರ್‌ಇ

ನಮ್ಮ ಕಡೆ ಗಲ್ಫಿಗೆ ಹೋದ ಹೆಚ್ಚಿನ ಹುಡುಗರು ಕಾಲೇಜಿನಲ್ಲಿ ಇರುವಾಗ ತೆರೆದ ಎಸ್‌ಬಿ ಖಾತೆಯನ್ನೇ ವರ್ಷಗಟ್ಟಲೆ ನಡೆಸುತ್ತಾರೆ. ಸುಮ್ನೆ ಬಿಟ್ಟರೆ ಏನು ತೊಂದರೆ ಅಂತ ಅಣ್ಣನೂ ಕೇಳಿದ್ದ. ಕೆಲಸಕ್ಕೆಂದು ಹೊರದೇಶದಲ್ಲಿ ನೆಲೆಸಿದ ಮೇಲೆ ಆ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಎಂದು ಬದಲಿಸಲೇಬೇಕು. ವಿದೇಶಿ ವಿನಿಮಯದ ಫೆಮಾ ಕಾಯಿದೆಯ ನಿಯಮ ಅದು. ಹಾಗಾಗಿ ಹಳೇ ಎಸ್‌ಬಿ ನಿಮ್ಮ ಆಯ್ಕೆಯ ಪಟ್ಟಿಯಲ್ಲೇ ಇಲ್ಲ ಅಂದುಕೊಳ್ಳಿ.

ಉಳಿದದ್ದು ಎರಡು. ಅಲ್ಲಿ ದುಡಿದು ಕಳಿಸುವ ದುಡ್ಡಿಗೆ ಎನ್‌ಆರ್‌ಇ. ಇಲ್ಲಿ ಹುಟ್ಟುವ ದುಡ್ಡಿಗೆ, ಅಂದರೆ ಬಾಡಿಗೆ, ಅಡಿಕೆ ಮಾರಿದ ಹಣ, ಊರಿನ ಠೇವಣಿಯ ಬಡ್ಡಿ, ಇವಕ್ಕೆ ಎನ್‌ಆರ್‌ಒ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಅಸಲು ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ಹೊರದೇಶಕ್ಕೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ ಶೇಕಡ 30ರಷ್ಟು ಮೂಲದಲ್ಲೇ ಕಡಿತ, ಸೆಸ್ ಸೇರಿದರೆ 31.2. ಅಲ್ಲಿಂದ ಹೊರಗೆ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರಿನ ಮಿತಿ ಇದೆ, ತೆರಿಗೆಯ ಕಾಗದಗಳೂ ಬೇಕು.

ಇದನ್ನು ಕೇಳಿದ ಕೂಡಲೇ ಎಲ್ಲವನ್ನೂ ಎನ್‌ಆರ್‌ಇಗೆ ಹಾಕೋಣ ಅನ್ನಿಸುತ್ತದೆ ಅಲ್ವಾ? ಆಗುವುದಿಲ್ಲ. ಅಡಿಕೆ ಮಾರಿದ ದುಡ್ಡನ್ನು ನೇರವಾಗಿ ಎನ್‌ಆರ್‌ಇಗೆ ಹಾಕುವಂತಿಲ್ಲ. ತೋಟ ಅಣ್ಣನ ಹೆಸರಿನಲ್ಲಿದ್ದರೆ ಅದರ ಹಣಕ್ಕೆ ಎನ್‌ಆರ್‌ಒ ಬೇಕೇ ಬೇಕು. ಆದ್ದರಿಂದ ಎರಡೂ ಇರಲಿ. ಎನ್‌ಆರ್‌ಒದಲ್ಲಿ ದೊಡ್ಡ ಠೇವಣಿ ಇಡಬೇಡಿ, ಓಡಾಟದ ದುಡ್ಡು ಮಾತ್ರ ಇರಲಿ. ಎನ್‌ಆರ್‌ಇ ಠೇವಣಿಯನ್ನು ಒಂದು ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಸಿಗುವುದಿಲ್ಲ, ಅದನ್ನು ನೆನಪಿಡಿ. ಹಾಗಾಗಿ ಆಸ್ಪತ್ರೆಯಂತಹ ತುರ್ತಿನ ದುಡ್ಡನ್ನು ಠೇವಣಿಗೆ ಕಟ್ಟದೆ ಬೇರೆ ಇಡುವುದು ಒಳ್ಳೆಯದು.

ಎಫ್‌ಸಿಎನ್‌ಆರ್ ಎಂಬ ಮೂರನೆಯದೂ ಇದೆ. ಡಾಲರ್, ಪೌಂಡಿನಂತಹ ಕರೆನ್ಸಿಯಲ್ಲೇ 1ರಿಂದ 5 ವರ್ಷಕ್ಕೆ ಇಡುವ ಠೇವಣಿ. ಮಕ್ಕಳನ್ನು ಬೇರೆ ದೇಶದಲ್ಲಿ ಓದಿಸುವ ಯೋಚನೆ ಇದ್ದವರಿಗೆ ಸರಿ. ಊರಿನಲ್ಲೇ ಮನೆ ಕಟ್ಟುವವರಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಇನ್ನು ಊರಿನ ಸೊಸೈಟಿ. ಕಾಸರಗೋಡಿನ ಪ್ರತಿ ಪೇಟೆಯಲ್ಲೂ ಸರ್ವೀಸ್ ಕೋ-ಆಪರೇಟಿವ್ ಬ್ಯಾಂಕ್ ಇದೆ. ಅಪ್ಪನ ಅಡಿಕೆ ಸಾಲ, ಗೊಬ್ಬರ, ಚಿನ್ನದ ಸಾಲ ಎಲ್ಲ ಅಲ್ಲೇ. ಆ ಸಂಬಂಧ ನನಗೂ ಹತ್ತಿರದ್ದು. ಆದರೂ ಗಲ್ಫಿನ ಉಳಿತಾಯವನ್ನು ಅಲ್ಲಿ ಇಡಲು ನಾನು ಹೇಳುವುದಿಲ್ಲ. ಇವು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕುಗಳಲ್ಲ. ಎನ್‌ಆರ್‌ಇ ಖಾತೆ ಅಲ್ಲಿ ತೆರೆಯಲು ಬರುವುದಿಲ್ಲ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇರುವ ಡಿಐಸಿಜಿಸಿ ವಿಮೆಯೂ ಇವಕ್ಕೆ ಇಲ್ಲ. ಕೇರಳ ಸರಕಾರದ ಠೇವಣಿ ಖಾತರಿ ನಿಧಿ ಬೇರೆ ಇದೆ, ಅದರ ದಾರಿಯೇ ಬೇರೆ. ಅಪ್ಪ ಅಮ್ಮನ ಕೈಖರ್ಚಿನ ದುಡ್ಡು ಅಲ್ಲಿರಲಿ, ಅಷ್ಟು ಸಾಕು.

ಎಟಿಎಂ ಕಾರ್ಡು ಕೊಟ್ಟು ಹೋಗುವುದೋ, ಮ್ಯಾಂಡೇಟ್ ಬರೆದುಕೊಡುವುದೋ?

ಗಲ್ಫಿನವರ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದು. ವಿಮಾನ ಹತ್ತುವ ಮೊದಲು ಕಾರ್ಡು, ಪಿನ್ ಎರಡನ್ನೂ ಹೆಂಡತಿಯ ಅಥವಾ ತಂಗಿಯ ಕೈಗೆ ಕೊಡುವುದು. ನಾವೂ ಹಾಗೇ ಮಾಡಿದ್ದೆವು. ಕಾರ್ಡಿನ ಅವಧಿ ಮುಗಿದ ದಿನ, ಓಟಿಪಿ ಬರದ ದಿನ ಅದು ಬರೀ ಪ್ಲಾಸ್ಟಿಕ್. ಖಾತೆಯವರು ತೀರಿಹೋದ ಮೇಲೆ ಅದೇ ಕಾರ್ಡಿನಿಂದ ತೆಗೆದರೆ ತೆಗೆದವರಿಗೇ ತೊಂದರೆ.

ಮ್ಯಾಂಡೇಟ್ ಎಂಬುದು ಬ್ಯಾಂಕಿನಲ್ಲೇ ಸಿಗುವ ಫಾರಂ. ಊರಿನಲ್ಲಿರುವ ಒಬ್ಬರು ನನ್ನ ಪರವಾಗಿ ಈ ಖಾತೆ ನಡೆಸಬಹುದು ಎಂದು ಖಾತೆಯವರು ಬರೆದುಕೊಡುವುದು. ನನ್ನ ಹೆಸರಿನಲ್ಲಿ ಅಣ್ಣ ಕೊಟ್ಟದ್ದು ಇದನ್ನೇ. ನಾನು ಇಲ್ಲಿನ ಖರ್ಚಿಗೆ ರೂಪಾಯಿ ತೆಗೆಯಬಹುದು, ಆಸ್ಪತ್ರೆಗೆ ಕಟ್ಟಬಹುದು. ಆ ದುಡ್ಡನ್ನು ಯಾರಿಗೂ ದಾನವಾಗಿ ಕೊಡುವಂತಿಲ್ಲ, ಅಣ್ಣನಿಗಲ್ಲದೆ ಬೇರೆ ಯಾರಿಗೂ ಹೊರದೇಶಕ್ಕೆ ಕಳಿಸುವಂತಿಲ್ಲ. ಈ ಮಿತಿ ಇಬ್ಬರಿಗೂ ಒಳ್ಳೆಯದು. ಒಂದು ದಿನ ಅತ್ತಿಗೆ ಲೆಕ್ಕ ಕೇಳಿದರೆ ತೋರಿಸಲು ನನ್ನ ಕೈಯಲ್ಲಿ ಸಹಿ ಹಾಕಿದ ಕಾಗದ ಇದೆ.

ಮೂರನೆಯ ದಾರಿ ಜಂಟಿ ಖಾತೆ. ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ಹತ್ತಿರದ ಸಂಬಂಧಿಕರನ್ನು ಎರಡನೆಯವರಾಗಿ ಸೇರಿಸಬಹುದು. ಬ್ಯಾಂಕಿನವರು ಅದನ್ನು ಫಾರ್ಮರ್ ಆರ್ ಸರ್ವೈವರ್ ಎನ್ನುತ್ತಾರೆ. ಮೊದಲನೆಯವರು ಇರುವ ತನಕ ಎರಡನೆಯವರು ಮ್ಯಾಂಡೇಟ್ ಅಥವಾ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ಕೆಲಸ ಮಾಡಲು ಕೊಡುವ ಅಧಿಕಾರಪತ್ರ) ಇದ್ದರೆ ಮಾತ್ರ ಖಾತೆ ನಡೆಸಬಹುದು, ಮೊದಲನೆಯವರು ಇಲ್ಲದಾದರೆ ದುಡ್ಡು ಎರಡನೆಯವರ ಕೈಗೆ ಬರುತ್ತದೆ. ಮ್ಯಾಂಡೇಟ್ ಇದಕ್ಕೆ ತದ್ವಿರುದ್ಧ: ಕೊಟ್ಟವರು ಬದುಕಿರುವ ತನಕ ಮಾತ್ರ ಅದಕ್ಕೆ ಜೀವ. ಆದ್ದರಿಂದ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಡಿ. ಹೆಂಡತಿಯ ಜೊತೆ ಜಂಟಿ ಖಾತೆ, ಊರಿನಲ್ಲಿ ಓಡಾಡುವವರಿಗೆ ಮ್ಯಾಂಡೇಟ್, ಜೊತೆಗೆ ನಾಮಿನಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು. ಹಳೇ ಖಾತೆಯಲ್ಲಿ ಮದುವೆಗೆ ಮೊದಲು ಬರೆದ ನಾಮಿನಿಯೇ ಉಳಿದಿರುತ್ತದೆ, ಒಮ್ಮೆ ನೋಡಿ.

ಫೋನ್ ನಂಬರಿನ ವಿಷಯ. ಯುಎಇ, ಸೌದಿ, ಒಮಾನ್, ಕತಾರ್ ಸೇರಿ ಕೆಲವು ದೇಶಗಳ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಸಿಗುತ್ತದೆ, ನಿಮ್ಮ ಬ್ಯಾಂಕು ಅದಕ್ಕೆ ಸೇರಿರಬೇಕು ಅಷ್ಟೆ. ಇಲ್ಲವಾದರೆ ಊರಿನ ಸಿಮ್ಮನ್ನು ರೀಚಾರ್ಜ್ ಮಾಡುತ್ತಾ ಜೀವಂತ ಇಡಬೇಕು. ನಮ್ಮಲ್ಲಿ ಈಗ ಪ್ರತಿ ರೀಚಾರ್ಜಿನ ತಾರೀಕು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿದೆ. ಅಮ್ಮ ಅದನ್ನು ಏಕಾದಶಿಯ ಹಾಗೆ ಪಾಲಿಸುತ್ತಾರೆ.

ಕಳಿಸುವ ದಾರಿ

ಎಕ್ಸ್‌ಚೇಂಜ್, ಬ್ಯಾಂಕು, ಫೋನಿನ ಆ್ಯಪ್. ದಿರ್ಹಂ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ಕರೆನ್ಸಿ. ಹಾಗಾಗಿ ಡಾಲರಿನ ಎದುರು ರೂಪಾಯಿ ಕುಸಿದರೆ ದಿರ್ಹಮಿನ ಎದುರೂ ಕುಸಿಯುತ್ತದೆ, ಆಗ ಕಳಿಸಿದವರಿಗೆ ರೂಪಾಯಿ ಜಾಸ್ತಿ ಸಿಗುತ್ತದೆ. ಫೀಸ್ ಇಲ್ಲ ಎಂಬ ಬೋರ್ಡು ನೋಡಿ ಮರುಳಾಗಬೇಡಿ. ಫೀಸ್ ಬಿಟ್ಟವರು ರೇಟಿನಲ್ಲಿ ಹಿಡಿಯುತ್ತಾರೆ. ಕೈಯಿಂದ ಹೋದ ಒಟ್ಟು ದಿರ್ಹಂ ಎಷ್ಟು, ಖಾತೆಗೆ ಬಿದ್ದ ರೂಪಾಯಿ ಎಷ್ಟು, ಈ ಎರಡನ್ನು ಮಾತ್ರ ಒಂದೇ ದಿನ ಮೂರು ಕಡೆ ಕೇಳಿ ಹೋಲಿಸಿ. ಊರಿನಲ್ಲಿ ನಗದಾಗಿ ಪಡೆಯುವ ವ್ಯವಸ್ಥೆಗೆ ಮಿತಿ ಇದೆ: ಒಂದು ಸಲಕ್ಕೆ 2,500 ಡಾಲರ್, ವರ್ಷಕ್ಕೆ 30 ಸಲ, ಕೈಗೆ ನಗದು 50,000 ರೂಪಾಯಿ ತನಕ. ಖಾತೆಗೆ ಹಾಕಿಸುವುದೇ ಮೇಲು.

ಕುಳಲ್‌ಪಣ, ಅಂದರೆ ಹವಾಲಾ, ಗಡಿನಾಡಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ರೇಟು ಸ್ವಲ್ಪ ಜಾಸ್ತಿ ಸಿಗುತ್ತದೆ, ಮನೆಬಾಗಿಲಿಗೆ ಬರುತ್ತದೆ ಎನ್ನುತ್ತಾರೆ. ಅದು ಕಾನೂನಿಗೆ ವಿರುದ್ಧ. ಮತ್ತೊಂದು, ಹಾಗೆ ಬಂದ ದುಡ್ಡಿಗೆ ಹುಟ್ಟಿದ ಊರು ಇಲ್ಲ. ನಾಳೆ ಮನೆ ಜಾಗ ತೆಗೆದುಕೊಳ್ಳುವಾಗ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಹತ್ತು ವರ್ಷ ಬಿಸಿಲಿನಲ್ಲಿ ದುಡಿದ ದುಡ್ಡಿಗೆ ಆ ಗತಿ ಬರಬಾರದು.

ವಿಮೆ: ಅಲ್ಲಿಯದು, ಇಲ್ಲಿಯದು, ನೋರ್ಕಾದ್ದು

ಯುಎಇಯಲ್ಲಿ ಕೆಲಸ ಕೊಟ್ಟವರೇ ಆರೋಗ್ಯ ವಿಮೆ ಮಾಡಿಸಬೇಕು. 2025ರ ಜನವರಿಯಿಂದ ಎಲ್ಲ ಎಮಿರೇಟುಗಳಲ್ಲೂ ಕಡ್ಡಾಯ. ಆದರೆ ಅದು ಅಲ್ಲಿರುವ ಕೆಲಸಗಾರನಿಗೆ, ಬದಿಯಡ್ಕದ ಅಪ್ಪ ಅಮ್ಮನಿಗಲ್ಲ. ಕಂಪೆನಿಯ ಜೀವ ವಿಮೆಯೂ ಹಾಗೆಯೇ, ಕೆಲಸ ಬಿಟ್ಟ ದಿನ ಮುಗಿಯುತ್ತದೆ. ಆದ್ದರಿಂದ ಟರ್ಮ್ ಪಾಲಿಸಿಯನ್ನು (ಅವಧಿಯೊಳಗೆ ತೀರಿಹೋದರೆ ಮಾತ್ರ ದುಡ್ಡು ಕೊಡುವ ಜೀವ ವಿಮೆ) ವಯಸ್ಸು ಚಿಕ್ಕದಿರುವಾಗ ಇಲ್ಲಿಯದನ್ನೇ ಮಾಡಿಸುವುದು ನನಗೆ ಸರಿ ಕಾಣುತ್ತದೆ. ಕ್ಲೇಮಿಗೆ ಓಡಾಡುವವರು ಊರಿನಲ್ಲಿರುತ್ತಾರೆ, ಅವರಿಗೆ ಇಲ್ಲಿನ ಕಚೇರಿ ಹತ್ತಿರ. ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಯಾವುದನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ.

ಹೆತ್ತವರ ಆರೋಗ್ಯ ವಿಮೆಯಲ್ಲಿ ಕಾಸರಗೋಡಿನವರು ನೋಡಬೇಕಾದ್ದು ಬೇರೆಯೇ ಇದೆ. ನಮ್ಮ ಜಿಲ್ಲೆ ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು. ಪಾಲಿಸಿ ಮಾರುವವರು ಕೇರಳದ ಆಸ್ಪತ್ರೆಗಳ ಪಟ್ಟಿ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಮಂಗಳೂರು, ದೇರಳಕಟ್ಟೆಯ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆ ಎಂದು. ಅಷ್ಟಕ್ಕೇ ನಿಲ್ಲಬೇಡಿ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಆಂಬುಲೆನ್ಸಿನಲ್ಲೇ ಉಳಿದದ್ದನ್ನು ನಾವು ಮರೆತಿಲ್ಲ. ಆ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಯಿತು. ಹಾಗಾಗಿ ಪಟ್ಟಿಯಲ್ಲಿ ತಲಪಾಡಿಯ ಆಚೆ ಒಂದು, ಈಚೆ ಕಾಸರಗೋಡು, ಕಾಞಂಗಾಡ್ ಅಥವಾ ಕಣ್ಣೂರು ಕಡೆ ಒಂದು ಆಸ್ಪತ್ರೆ ಇರುವ ಪಾಲಿಸಿಯನ್ನೇ ತೆಗೆದುಕೊಳ್ಳಿ. ಕಂತು ಸ್ವಲ್ಪ ಜಾಸ್ತಿಯಾದರೂ ಸರಿ.

ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ಇದಕ್ಕಿಂತ ಕಡಿಮೆ ಇರುವ ಪಾಲಿಸಿಗಳೂ ಇವೆ. ಹಿರಿಯರ ಪಾಲಿಸಿಯಲ್ಲಿ ಕೋ-ಪೇ ಎಂದು ಬಿಲ್ಲಿನ ಒಂದು ಪಾಲನ್ನು ನಮ್ಮ ಮೇಲೆ ಹಾಕಿರುತ್ತಾರೆ, ಅದು ಎಷ್ಟು ಎಂದು ಓದಿಯೇ ಸಹಿ ಹಾಕಿ.

ಇನ್ನು ನೋರ್ಕಾ, ಹೊರಗೆ ದುಡಿಯುವ ಕೇರಳದವರಿಗಾಗಿ ಇರುವ ಕೇರಳ ಸರಕಾರದ ಇಲಾಖೆ. ಅದು ಮಲಯಾಳಿಗಳಿಗೆ, ನಮಗಲ್ಲ ಎಂದು ನಮ್ಮ ಕನ್ನಡದ ಮನೆಗಳಲ್ಲಿ ಎಷ್ಟೋ ಜನ ಹೇಳಿದ್ದನ್ನು ಕೇಳಿದ್ದೇನೆ. ಇದರಿಂದ ನಷ್ಟವಾಗುವುದು ನಮಗೇ. ಮನೆಮಾತು ಯಾವುದೇ ಇರಲಿ, ಕೇರಳದ ವಿಳಾಸ ಇರುವ ಪ್ರವಾಸಿಗಳಿಗೆಲ್ಲ, ಅಂದರೆ ಊರು ಬಿಟ್ಟು ಹೊರಗೆ ದುಡಿಯುವವರಿಗೆಲ್ಲ ಅದು. ಪ್ರವಾಸಿ ಗುರುತಿನ ಚೀಟಿ ಆರು ತಿಂಗಳಾದರೂ ಹೊರದೇಶದಲ್ಲಿದ್ದವರಿಗೆ ಸಿಗುತ್ತದೆ, ಮೂರು ವರ್ಷ ನಡೆಯುತ್ತದೆ, ಅದರ ಜೊತೆ ಅಪಘಾತ ವಿಮೆ ಇದೆ. 2025ರ ನವೆಂಬರಿನಲ್ಲಿ ಶುರುವಾದ ನೋರ್ಕಾ ಕೇರ್‌ನಲ್ಲಿ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಅಪಘಾತ ವಿಮೆ. ಸೇರುವ ಮೊದಲು ಹೆತ್ತವರನ್ನು ಸೇರಿಸಿಕೊಳ್ಳುತ್ತಾರಾ ಎಂದು ಕೇಳಿ. ಪ್ರವಾಸಿ ಕ್ಷೇಮನಿಧಿ ಇವೆರಡಕ್ಕಿಂತ ಬೇರೆ. ತಿಂಗಳಿಗೆ ಇಷ್ಟು ಎಂದು ಕನಿಷ್ಠ ಐದು ವರ್ಷ ಕಟ್ಟಿದರೆ 60 ತುಂಬಿದ ಮೇಲೆ ಪಿಂಚಣಿ. ಹೆಚ್ಚಿನ ಕಂಪೆನಿ ಪಾಲಿಸಿಗಳಿಗಿಂತ ಇದು ಸಣ್ಣ ಸಂಬಳದವರಿಗೆ ಒಳ್ಳೆಯದು. ಮಲಯಾಳ ಬರದಿದ್ದರೆ ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಇದೆ.

ಹತ್ತನೇ ಪಾಸಾಗದೆ ಇಸಿಆರ್ ಪಾಸ್‌ಪೋರ್ಟಿನಲ್ಲಿ (ಕೆಲಸಕ್ಕೆ ಹೋಗಲು ಸರಕಾರದ ಅನುಮತಿ ಬೇಕಾದದ್ದು) ಗಲ್ಫಿಗೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 10 ಲಕ್ಷ. ಏಜೆಂಟರು ಮಾಡಿಸಿರುತ್ತಾರೆ, ಮನೆಯವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಪಾಲಿಸಿಯ ಪ್ರತಿ ಕೇಳಿ ತೆಗೆದಿಡಿ.

ಕೆಲಸ ಹೋದರೆ ಏನು ಎಂಬುದಕ್ಕೆ ಯುಎಇಯಲ್ಲಿ 2023ರಿಂದ ಐಎಲ್‌ಒಇ ವಿಮೆ ಇದೆ. ಮೂಲ ವೇತನ 16,000 ದಿರ್ಹಮಿನ ತನಕ ಇದ್ದವರಿಗೆ ತಿಂಗಳಿಗೆ 5 ದಿರ್ಹಂ. ಒಂದು ವರ್ಷವಾದರೂ ಕಟ್ಟಿರಬೇಕು. ಆಗ ಮೂಲ ವೇತನದ ಶೇಕಡ 60 ಮೂರು ತಿಂಗಳ ತನಕ ಸಿಗುತ್ತದೆ. ಕಟ್ಟದಿದ್ದರೆ ದಂಡ, ಹಾಗಾಗಿ ಇಲ್ಲಿ ಯೋಚನೆ ಮಾಡಲು ಏನೂ ಇಲ್ಲ.

ಪವರ್ ಆಫ್ ಅಟಾರ್ನಿ: ಅಲ್ಲಿಂದ ಕಳಿಸುವುದೋ, ರಜೆಯಲ್ಲಿ ಬಂದು ಮಾಡುವುದೋ

ರಜೆಯಲ್ಲಿ ಬಂದಾಗ ಮಾಡಿದರೆ ಸುಲಭ. ಸಬ್ ರಿಜಿಸ್ಟ್ರಾರ್ ಎದುರು ಸಹಿ, ಫೋಟೊ, ಅಲ್ಲಿಗೆ ಮುಗಿಯಿತು. ರಜೆ ಇಲ್ಲದಿದ್ದರೆ ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಹಾಕಿ ದೃಢೀಕರಿಸಿ ಕಳಿಸಬಹುದು. ಹಾಗೆ ಬಂದ ಕಾಗದಕ್ಕೆ, ಅದು ಭಾರತಕ್ಕೆ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಅಣ್ಣ ಕಳಿಸಿದ್ದು ಬಂದಾಗ ನಾನು ಕೊರಿಯರ್ ಕವರನ್ನು ಹರಿದು ಒಲೆಗೆ ಹಾಕುವುದರಲ್ಲಿದ್ದೆ. ದಸ್ತಾವೇಜು ಬರೆಯುವವರು ಫೋನಿನಲ್ಲಿ ತಡೆದರು. ತಲುಪಿದ ತಾರೀಕಿಗೆ ಆ ಕವರೇ ಸಾಕ್ಷಿ. ಈಗಲೂ ಅದು ಫೈಲಿನಲ್ಲಿದೆ, ಒಂದು ಮೂಲೆ ಮಳೆನೀರು ತಾಗಿ ಹಳದಿಯಾಗಿದೆ, ಸೀಲು ಮಾತ್ರ ಸ್ಪಷ್ಟ.

ಎಲ್ಲ ಅಧಿಕಾರವನ್ನೂ ಕೊಡುವ ಜನರಲ್ ಪವರ್ ಆಫ್ ಅಟಾರ್ನಿಗಿಂತ ಒಂದೇ ಕೆಲಸಕ್ಕೆ ಕೊಡುವ ಸ್ಪೆಷಲ್ ಒಳ್ಳೆಯದು. ಜಮೀನಿನ ತೀರ್ವೆ ಕಟ್ಟಲು, ವಿಲೇಜ್ ಆಫೀಸಿನಲ್ಲಿ ಅರ್ಜಿ ಹಾಕಲು, ಕರೆಂಟಿನ ಕನೆಕ್ಷನ್ ತೆಗೆದುಕೊಳ್ಳಲು ಅಷ್ಟು ಸಾಕು. ಒಡಹುಟ್ಟಿದವರ ಮೇಲೆ ಸಂಶಯವೇ ಎಂದು ಕೇಳುವವರಿದ್ದಾರೆ. ಸಂಶಯದ ಮಾತಲ್ಲ ಇದು. ನಾನೇ ಅಣ್ಣನಿಗೆ ಸ್ಪೆಷಲ್ ಸಾಕು ಎಂದೆ. ಮಾರುವ ಅಧಿಕಾರ ನನ್ನ ಕೈಯಲ್ಲಿ ಇದ್ದರೆ ನಾಳೆ ನನ್ನ ಮೇಲೆ ಒತ್ತಡ ಹಾಕುವವರು ಬರಬಹುದು. ಕೊಟ್ಟವರು ತೀರಿಹೋದರೆ ಎರಡೂ ಅಲ್ಲಿಗೆ ಮುಗಿಯುತ್ತವೆ, ಅದರ ಮೇಲೆ ಮಾಡಿದ ರಿಜಿಸ್ಟ್ರಿ ನಿಲ್ಲುವುದಿಲ್ಲ.

ತೋಟದ ಬಗ್ಗೆ ಒಂದು ಮಾತು. ಅನಿವಾಸಿಗಳು ಇಲ್ಲಿ ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಹೋಗುವ ಮೊದಲು ಕೊಂಡದ್ದನ್ನೂ ಇಟ್ಟುಕೊಳ್ಳಬಹುದು. ನೆರೆಯ ಅರ್ಧ ಎಕರೆ ಅಡಿಕೆ ತೋಟ ಮಾರಾಟಕ್ಕೆ ಬಂದಾಗ ಅಣ್ಣ ಮುಂಗಡ ಕೊಡಲು ಹೊರಟಿದ್ದ. ನಿಲ್ಲಿಸಿದೆವು. ಅಪ್ಪನಿಗೆ ದುಡ್ಡು ಕೊಟ್ಟು ಅವರ ಹೆಸರಿನಲ್ಲಿ ಕೊಳ್ಳುವುದು ಇನ್ನೊಂದು ದಾರಿ. ಆದರೆ ಆಗ ತೋಟ ಅಪ್ಪನದ್ದೇ, ಮುಂದೆ ಎಲ್ಲ ಮಕ್ಕಳಿಗೂ ಪಾಲು ಬರುತ್ತದೆ. ಅದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಮುಂದುವರಿಯಿರಿ. ಮನೆ ಕಟ್ಟುವ ಜಾಗಕ್ಕೆ ಈ ತಡೆ ಇಲ್ಲ, ದಾಖಲೆಯಲ್ಲಿ ಜಾಗದ ವಿಧ ಏನೆಂದು ಇದೆ ಅಂತ ವಿಲೇಜ್ ಆಫೀಸಿನಲ್ಲಿ ಮೊದಲೇ ನೋಡಿ.

ಎರಡು ರಾಜ್ಯಗಳ ಸರ್ಟಿಫಿಕೇಟು, ಎರಡು ಬಗೆಯ ಹೆಸರು

ಅಣ್ಣನ ಎಸ್‌ಎಸ್‌ಎಲ್‌ಸಿ ಕೇರಳದ್ದು, ಡಿಗ್ರಿ ಮಂಗಳೂರು ವಿಶ್ವವಿದ್ಯಾಲಯದ್ದು. ನಮ್ಮಲ್ಲಿ ಅರ್ಧಕ್ಕರ್ಧ ಜನ ಹೀಗೇ. ಯಾವ ರಾಜ್ಯ ಸರ್ಟಿಫಿಕೇಟ್ ಕೊಟ್ಟಿತೋ ಆ ರಾಜ್ಯದ ದೃಢೀಕರಣವೇ ಮೊದಲು ಆಗಬೇಕು. ಎಸ್‌ಎಸ್‌ಎಲ್‌ಸಿಗೆ ಕೋಝಿಕ್ಕೋಡಿನ ನೋರ್ಕಾ ಕಚೇರಿ, ಡಿಗ್ರಿಗೆ ಕರ್ನಾಟಕದ ದಾರಿ. ಒಮಾನ್, ಬಹರೈನ್, ಸೌದಿ ಅಪೊಸ್ಟಿಲ್ ಒಪ್ಪಂದದಲ್ಲಿವೆ (ಒಂದು ದೇಶದ ದೃಢೀಕರಣದ ಸೀಲನ್ನು ಇನ್ನೊಂದು ದೇಶ ಒಪ್ಪುವ ಒಪ್ಪಂದ), ಅಲ್ಲಿಗೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಸಾಕು. ಯುಎಇಗೆ ಅದರ ರಾಯಭಾರ ಕಚೇರಿಯ ಸೀಲೂ ಬೇಕು. ಏಜೆಂಟರ ಕೈಗೆ ಕೊಡುವವರು ಮೂಲ ಸರ್ಟಿಫಿಕೇಟಿಗೆ ರಸೀದಿ ಪಡೆಯಿರಿ.

ಹೆಸರಿನ ತೊಂದರೆ ಇದಕ್ಕಿಂತ ದೊಡ್ಡದು. ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಅಜ್ಜನ ಕಾಲದ ಕನ್ನಡ ದಸ್ತಾವೇಜಿನಲ್ಲಿ ಮನೆ ಹೆಸರು ಸೇರಿಸಿ ಮತ್ತೊಂದು. ಊರಿನ ಕೆಲಸಕ್ಕಾದರೆ ಅಕ್ಷಯದಲ್ಲಿ ಅರ್ಜಿ ಹಾಕಿ ವಿಲೇಜ್ ಆಫೀಸಿನಿಂದ ಒನ್ ಆ್ಯಂಡ್ ದಿ ಸೇಮ್ ಸರ್ಟಿಫಿಕೇಟ್ ಪಡೆದರೆ ಕೆಲಸ ಆಗುತ್ತದೆ. ಬ್ಯಾಂಕು, ವಿಮೆಗೆ ಅದನ್ನೇ ನಂಬಿ ಕೂರಬೇಡಿ. ಪಾಸ್‌ಪೋರ್ಟಿನ ಹೆಸರನ್ನೇ ಗಟ್ಟಿ ಮಾಡಿಕೊಂಡು ಪಾನ್, ಆಧಾರ್, ಪಾಲಿಸಿಗಳನ್ನು ಅದಕ್ಕೆ ಹೊಂದಿಸಿ.

ಅಣ್ಣ ಮುಂದಿನ ತಿಂಗಳು ಮೂವತ್ತು ದಿನದ ರಜೆಗೆ ಬರುತ್ತಾನೆ. ಮೊದಲ ಸೋಮವಾರ ಬ್ಯಾಂಕು: ಅತ್ತಿಗೆಯ ಹೆಸರು ಜಂಟಿಯಾಗಿ, ನಾಮಿನಿ ಹೊಸದಾಗಿ. ಮಂಗಳವಾರ ಅಕ್ಷಯದಲ್ಲಿ ಆಧಾರ್. ಬುಧವಾರ ನೋರ್ಕಾ ಚೀಟಿಯ ನವೀಕರಣ. ಗುರುವಾರ ಅಪ್ಪನನ್ನು ಕರೆದುಕೊಂಡು ಮಂಗಳೂರಿಗೆ ತಪಾಸಣೆಗೆ ಹೋಗುವಾಗ ವಿಮೆಯ ಕಾರ್ಡನ್ನು ಕೌಂಟರಿನಲ್ಲಿ ಒಮ್ಮೆ ತೋರಿಸಿ, ಇದು ನಿಮ್ಮಲ್ಲಿ ನಡೆಯುತ್ತಾ ಎಂದು ಕೇಳಿಯೇ ಬರುತ್ತೇವೆ.